ಮೂರನೆಯ ದಿನದ ಪ್ರಶ್ನೆ: ನಿಂತ ಎದೆ ಮಿಡಿದ ಮೇಲೆ ಮಿದುಳು ಏಳುವುದೇ?

"ಎಚ್ಚರ ಯಾವಾಗ ಆಗುತ್ತೆ ಡಾಕ್ಟ್ರೇ?" ದಾವಣಗೆರೆ, ಶಿವಮೊಗ್ಗಗಳ ದೊಡ್ಡ ಆಸ್ಪತ್ರೆಗಳಲ್ಲಿ ತೀವ್ರ ನಿಗಾ ಘಟಕದ ಬಾಗಿಲ ಬಳಿ ಮತ್ತೆ ಮತ್ತೆ ಕೇಳಿಬರುವ ಮಾತಿದು. ಒಳಗೆ ಮಲಗಿರುವವರು ಚನ್ನಗಿರಿಯ ಅಡಿಕೆ ತೋಟದವರಿರಬಹುದು, ಹೊನ್ನಾಳಿಯ ಭತ್ತದ ಗದ್ದೆಯವರಿರಬಹುದು, ಜಗಳೂರಿನ ಮಳೆಯಾಶ್ರಿತ ಹೊಲದವರಿರಬಹುದು. ಎದೆಬಡಿತ ನಿಂತಿತ್ತು, ಎದೆ ಒತ್ತಿ, ಶಾಕ್ ಕೊಟ್ಟು ಮತ್ತೆ ನಡೆಯುವಂತೆ ಮಾಡಿದ್ದಾರೆ. ಪರದೆಯ ಮೇಲೆ ಹಸಿರು ಗೆರೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ವೆಂಟಿಲೇಟರ್ ಉಸಿರಾಡಿಸುತ್ತಿದೆ. ಆದರೆ ಕರೆದರೆ ಓಗೊಡುವುದಿಲ್ಲ. ಹೃದಯ ತಜ್ಞರ ಕೆಲಸ ಮುಗಿದು ನರರೋಗ ತಜ್ಞರ ಕೆಲಸ ಆರಂಭವಾಗುವುದು ಇಲ್ಲಿ.

ಈ ಪ್ರಶ್ನೆ ಬಹಳ ಹಳೆಯದೇನಲ್ಲ. ಅದಕ್ಕೆ ಹೆಚ್ಚೆಂದರೆ ಅರವತ್ತು ಎಪ್ಪತ್ತು ವರ್ಷಗಳ ಚರಿತ್ರೆಯಿದೆ. ಅದಕ್ಕೂ ಮುಂಚೆ ಸಾವು ಸರಳವಾಗಿತ್ತು. ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದು, ಮಣಿಕಟ್ಟಿನ ನಾಡಿ ನೋಡಿ ಹಿರಿಯರೇ ಹೇಳಿಬಿಡುತ್ತಿದ್ದರು. ಉಸಿರು, ಎದೆಬಡಿತ, ಎಚ್ಚರ ಈ ಮೂರೂ ಒಂದೇ ಹಗ್ಗದಲ್ಲಿ ಕಟ್ಟಿದಂತೆ ಒಟ್ಟಿಗೇ ಹೋಗುತ್ತಿದ್ದವು. ಒಂದು ಹೋಗಿ ಎರಡು ಉಳಿಯುವ ಸ್ಥಿತಿಗೆ ಕನ್ನಡದಲ್ಲಿ ಹೆಸರೇ ಇರಲಿಲ್ಲ. ಇಂಗ್ಲಿಷಿನಲ್ಲೂ ಇರಲಿಲ್ಲ.

ಆ ಹಗ್ಗವನ್ನು ಬಿಚ್ಚಿದ್ದು ಎರಡು ಸಾಧನಗಳು. ಒಂದು ಕೃತಕ ಉಸಿರಾಟದ ಯಂತ್ರ. 1950ರ ದಶಕದ ಪೋಲಿಯೋ ಹಾವಳಿಯಲ್ಲಿ ಅದರ ಬಳಕೆ ಬೆಳೆಯಿತು. ಇನ್ನೊಂದಕ್ಕೆ ಯಂತ್ರವೇ ಬೇಡ, ಎರಡು ಕೈ ಸಾಕು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆ ಹೊರಗಿನಿಂದ ಒತ್ತಿಯೇ ರಕ್ತ ಓಡಿಸಬಹುದೆಂದು ತೋರಿಸಿದರು. ಇವರಲ್ಲಿ ಮೊದಲನೆಯವರು ವೈದ್ಯರೇ ಅಲ್ಲ, ವಿದ್ಯುತ್ ಎಂಜಿನಿಯರ್! ಪೀಟರ್ ಸಫಾರ್ ಎಂಬ ವೈದ್ಯರು ಇದಕ್ಕೆ ಬಾಯಿಂದ ಬಾಯಿಗೆ ಉಸಿರೂದುವ ಕ್ರಮವನ್ನು ಜೋಡಿಸಿದರು. ಇಂದು ಸಿ.ಪಿ.ಆರ್. ಎಂದು ಶಾಲಾ ಮಕ್ಕಳಿಗೂ ಕಲಿಸುವುದು ಇದನ್ನೇ. ಎದೆಯಷ್ಟೇ ಉಳಿದರೆ ಸಾಲದು, ಮಿದುಳೂ ಉಳಿಯಬೇಕು ಎಂದು ಸಫಾರ್ ತಮ್ಮ ಜೀವಮಾನವಿಡೀ ಹೇಳುತ್ತಿದ್ದರು.

ಏಕೆಂದರೆ ಮಿದುಳು ಸಾಲಕ್ಕೆ ಬದುಕುವ ಅಂಗವಲ್ಲ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟು. ಆಮ್ಲಜನಕದಲ್ಲಿ ಅದು ಕೇಳುವ ಪಾಲು ನೂರಕ್ಕೆ ಇಪ್ಪತ್ತು. ಕೂಡಿಟ್ಟ ದಾಸ್ತಾನು ಎಂಬುದು ಅದಕ್ಕಿಲ್ಲ. ರಕ್ತ ನಿಂತ ಹತ್ತು ಹದಿನೈದು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ, ನಾಲ್ಕೈದು ನಿಮಿಷಗಳಲ್ಲಿ ಜೀವಕೋಶಗಳಿಗೆ ಧಕ್ಕೆ ಶುರುವಾಗುತ್ತದೆ. ಎಲ್ಲ ಭಾಗಗಳೂ ಒಮ್ಮೆಗೇ ಹಾಳಾಗುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್, ಯೋಚನೆಗೆ ಬೇಕಾದ ಹೊರಪದರ ಬಲುಬೇಗ ಸೊರಗುತ್ತವೆ. ಉಸಿರಾಟವನ್ನು ನಡೆಸುವ ಮಿದುಳ ಕಾಂಡ ಹೆಚ್ಚು ಗಟ್ಟಿ. ಕಣ್ಣು ತೆರೆದು, ತಾನೇ ಉಸಿರಾಡುತ್ತ, ಆದರೂ ಯಾರ ಗುರುತೂ ಇಲ್ಲದೆ ಮಲಗಿರುವ ಸ್ಥಿತಿ ಹುಟ್ಟುವುದು ಈ ಏರುಪೇರಿನಿಂದಲೇ. 1972ರಲ್ಲಿ ಗ್ಲಾಸ್ಗೋದ ಬ್ರಯಾನ್ ಜೆನೆಟ್ ಮತ್ತು ನ್ಯೂಯಾರ್ಕಿನ ಫ್ರೆಡ್ ಪ್ಲಮ್ ಅದಕ್ಕೊಂದು ಹೆಸರಿಟ್ಟರು. ಕನ್ನಡ ಪತ್ರಿಕೆಗಳು ಅದನ್ನು 'ಜೀವಚ್ಛವ' ಎಂದು ಬರೆದವು. ಆ ಮಾತಿನಲ್ಲಿ ತುಸು ಕ್ರೌರ್ಯವಿದೆ. ಹಾಸಿಗೆಯ ಮೇಲಿರುವವರು ಶವವಲ್ಲ.

ಹಾಗಾದರೆ ಯಾರು ಏಳುತ್ತಾರೆ, ಯಾರು ಏಳುವುದಿಲ್ಲ? ಇದನ್ನು ಲೆಕ್ಕ ಹಾಕಿ ಹೇಳುವ ದೊಡ್ಡ ಪ್ರಯತ್ನವನ್ನು ಮಾಡಿದ್ದೂ ಪ್ಲಮ್ ಮತ್ತು ಡೇವಿಡ್ ಲೆವಿ ಅವರ ತಂಡವೇ. ಆಮ್ಲಜನಕದ ಕೊರತೆಯಿಂದ ಪ್ರಜ್ಞೆ ತಪ್ಪಿದ 210 ರೋಗಿಗಳ ವಿವರವನ್ನು 1985ರಲ್ಲಿ ಅವರು ಪ್ರಕಟಿಸಿದರು. ಹೆಚ್ಚಿನವರು ಹೃದಯ ಸ್ತಂಭನಕ್ಕೆ ಒಳಗಾದವರು. ಅವರ ಮುಖ್ಯ ಸಾಧನ ಒಂದು ಟಾರ್ಚು. ಮೊದಲ ಪರೀಕ್ಷೆಯಲ್ಲಿ 52 ಮಂದಿಯ ಕಣ್ಣಿನ ಪಾಪೆ ಬೆಳಕಿಗೆ ಕುಗ್ಗಲಿಲ್ಲ. ಆ 52ರಲ್ಲಿ ಒಬ್ಬರೂ ಸ್ವತಂತ್ರವಾಗಿ ಬದುಕುವ ಸ್ಥಿತಿಗೆ ಮರಳಲಿಲ್ಲ. ಪಾಪೆ, ಕಣ್ಣಿನ ಹೊರಪರೆ ಮುಟ್ಟಿದಾಗಿನ ಮಿಟುಕು, ನೋವಿಗೆ ಕೈಕಾಲಿನ ಪ್ರತಿಕ್ರಿಯೆ ಇವನ್ನು ಮೂರನೆಯ ದಿನ ನೋಡಿದರೆ ಭವಿಷ್ಯ ಹೇಳಬಹುದು ಎಂಬ ನಂಬಿಕೆ ಆಸ್ಪತ್ರೆಗಳಲ್ಲಿ ನೆಲೆಯೂರಿತು. ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ಮೂರನೆಯ ದಿನವೆಂದರೆ ಸಮಾಧಿಗೆ ಹಾಲುತುಪ್ಪ ಬಿಡುವ ದಿನ. ವೈದ್ಯಶಾಸ್ತ್ರವೂ ಅದೇ ದಿನವನ್ನು ತೀರ್ಮಾನಕ್ಕೆ ಆರಿಸಿಕೊಂಡದ್ದು ಕೇವಲ ಆಕಸ್ಮಿಕ. ಆದರೂ ಹೊರಗೆ ಕೂತ ಮನೆಯವರಿಗೆ ಹಾಗೆ ಅನ್ನಿಸದಿರಬಹುದು.

ಸುಮಾರು ಹದಿನೇಳು ವರ್ಷ ಈ ಲೆಕ್ಕ ನಡೆಯಿತು. ಅದನ್ನು ಅಲುಗಾಡಿಸಿದ್ದು ಒಂದು ಒಳ್ಳೆಯ ಸುದ್ದಿ. 2002ರಲ್ಲಿ ಆಸ್ಟ್ರೇಲಿಯಾದಿಂದ ಒಂದು, ಯುರೋಪಿನಿಂದ ಒಂದು, ಹೀಗೆ ಎರಡು ಅಧ್ಯಯನಗಳು ಒಟ್ಟಿಗೇ ಹೊರಬಂದವು. ಎದೆ ಮತ್ತೆ ಮಿಡಿದ ಮೇಲೆ ರೋಗಿಯ ಮೈಯನ್ನು 32ರಿಂದ 34 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿಸಿ ಇಟ್ಟರೆ ಮಿದುಳು ಉಳಿಯುವ ಸಾಧ್ಯತೆ ಹೆಚ್ಚು ಎಂದು ಎರಡೂ ಹೇಳಿದವು. ಮುಂದೆ 2013 ಮತ್ತು 2021ರ ಹೆಚ್ಚು ದೊಡ್ಡ ಪರೀಕ್ಷೆಗಳು ಅಷ್ಟು ತಣಿಸುವ ಅಗತ್ಯವಿಲ್ಲ, ಜ್ವರ ಬರದಂತೆ ನೋಡಿಕೊಂಡರೆ ಸಾಕು ಎಂಬ ಕಡೆಗೆ ವಾಲಿದವು. ಅಷ್ಟರಲ್ಲಿ ಒಂದು ತೊಡಕು ಎಲ್ಲರ ಕಣ್ಣಿಗೆ ಬಿದ್ದಿತ್ತು. ತಂಪಾಗಿಸಿದ ರೋಗಿ ನಡುಗದಂತೆ ನಿದ್ರೆಯ ಮದ್ದು ಕೊಡಬೇಕು. ತಣ್ಣಗಿನ ಮೈಯಲ್ಲಿ ಆ ಮದ್ದು ಬೇಗ ಇಳಿಯುವುದಿಲ್ಲ. ಮೂರನೆಯ ದಿನ ಕೈಕಾಲು ಆಡಿಸದೆ ಮಲಗಿದ್ದವರು ಐದನೆಯ ದಿನವೋ ಎಂಟನೆಯ ದಿನವೋ ಕಣ್ಣು ಬಿಟ್ಟ ಉದಾಹರಣೆಗಳು ಬಂದವು. ಟಾರ್ಚಿನ ಸಾಕ್ಷ್ಯವೊಂದೇ ಸಾಲದಾಯಿತು. ಮದ್ದಿನ ಮಂಪರು ಮರೆಮಾಡಲಾಗದ ಸಾಕ್ಷ್ಯವೊಂದು ಬೇಕಾಯಿತು.

ಮಿದುಳಿನ ಚಿತ್ರಗಳು ಮುಂದೆ ಬಂದದ್ದು ಈ ಸಂದರ್ಭದಲ್ಲಿ. ಯಂತ್ರಗಳೇನೋ ಮೊದಲೇ ಇದ್ದವು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರ್ 1971ರ ಅಕ್ಟೋಬರ್ 1ರಂದು ಲಂಡನ್ ಬಳಿಯ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿತ್ತು. 1979ರಲ್ಲಿ ಅದಕ್ಕೆ ನೊಬೆಲ್ ಬಂತು. ಸಿ.ಟಿ. ಅಳೆಯುವುದು ಎಕ್ಸ್-ಕಿರಣವನ್ನು ಯಾವ ಭಾಗ ಎಷ್ಟು ತಡೆಯುತ್ತದೆ ಎಂಬುದನ್ನು. ನೀರಿಗೆ ಸೊನ್ನೆ ಎಂದಿಟ್ಟುಕೊಂಡರೆ ಜೀವಕೋಶಗಳು ತುಂಬಿದ ಬೂದು ಭಾಗಕ್ಕೆ ಮೂವತ್ತೈದರಿಂದ ನಲವತ್ತರ ಆಸುಪಾಸಿನ ಅಂಕ, ನರತಂತುಗಳ ಬಿಳಿ ಭಾಗಕ್ಕೆ ಇಪ್ಪತ್ತೈದರಿಂದ ಮೂವತ್ತರ ಅಂಕ. ಈ ವ್ಯತ್ಯಾಸದಿಂದಲೇ ಚಿತ್ರದಲ್ಲಿ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಆಮ್ಲಜನಕವಿಲ್ಲದೆ ಹಾಳಾದ ಬೂದು ಭಾಗ ನೀರು ಕುಡಿದು ಊದಿಕೊಳ್ಳುತ್ತದೆ, ಅದರ ಅಂಕ ಇಳಿಯುತ್ತದೆ. ಗೆರೆ ಅಳಿಸಿಹೋಗಿ ಇಡೀ ಮಿದುಳು ಒಂದೇ ಬಣ್ಣದ ಮುದ್ದೆಯಂತೆ ಕಾಣತೊಡಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಬರುವ ಸಂಖ್ಯೆ ಒಂದರ ಕಡೆಗೆ ಜಾರಿದಷ್ಟೂ ಕೇಡು ಹೆಚ್ಚು. 2000ದಲ್ಲೇ ಒಂದು ಅಧ್ಯಯನ 1.18ರ ಗೆರೆ ಎಳೆದಿತ್ತು. ಬೇರೆಯವರು ಬೇರೆ ಗೆರೆ ಎಳೆದರು. ಯಂತ್ರ ಬದಲಾದರೆ, ಅಳೆಯುವ ಜಾಗ ಬದಲಾದರೆ ಅಂಕವೂ ಬದಲಾಗುತ್ತದೆ. ಆದ್ದರಿಂದ ಎಲ್ಲರೂ ಒಪ್ಪಿದ ಗೆರೆ ಇವತ್ತಿಗೂ ಇಲ್ಲ.

ಎಂ.ಆರ್.ಐ. ಕೆಲಸ ಮಾಡುವ ರೀತಿ ಬೇರೆ, ಹೆಚ್ಚು ಸೂಕ್ಷ್ಮ. ಅದರಲ್ಲಿ 'ಡಿಫ್ಯೂಷನ್' ಎಂಬ ಒಂದು ಕ್ರಮವಿದೆ. 1980ರ ದಶಕದ ನಡುವೆ ಫ್ರಾನ್ಸಿನ ಡೆನಿ ಲೆ ಬಿಹಾನ್ ಇದನ್ನು ಮಿದುಳಿಗೆ ಒಗ್ಗಿಸಿದರು. ಅದು ನೋಡುವುದು ನೀರಿನ ಕಣಗಳ ಅಲೆದಾಟವನ್ನು. ಚನ್ನಗಿರಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಸೂಳೆಕೆರೆಯ ತೂಬು ಎತ್ತಿದಾಗ ಕಾಲುವೆಯಲ್ಲಿ ಹರಿಯುವ ನೀರೇ ಬೇರೆ, ಗದ್ದೆಯ ಬದುವಿನೊಳಗೆ ಹೊಕ್ಕು ನಿಂತ ನೀರೇ ಬೇರೆ. ಆರೋಗ್ಯವಂತ ಮಿದುಳಿನಲ್ಲಿ ಕೋಶಗಳ ನಡುವಿನ ನೀರು ಸಾಕಷ್ಟು ಬಿಡುಬೀಸಾಗಿ ಅಲೆಯುತ್ತದೆ. ಆಮ್ಲಜನಕ ತಪ್ಪಿದ ಕೋಶದ ಸೋಡಿಯಂ ಪಂಪು ಕೆಡುತ್ತದೆ, ಹೊರಗಿನ ನೀರು ಒಳನುಗ್ಗಿ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ನೀರು ಈ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. 1990ರಲ್ಲಿ ಮೈಕೇಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳ ಮಿದುಳಿಗೆ ರಕ್ತ ತಡೆದು ನೋಡಿದಾಗ, ಉಳಿದ ವಿಧಾನಗಳಲ್ಲಿ ಕಾಣುವ ಮೊದಲೇ ಇದರಲ್ಲಿ ಪೆಟ್ಟು ಕಂಡಿತ್ತು. ಲಕ್ವದ ಚಿಕಿತ್ಸೆಯಲ್ಲಿ ಅದು ಬಹುಬೇಗ ಮನೆಮಾತಾಯಿತು. ಎದೆ ನಿಂತವರ ಪಾಲಿಗೆ ಬರಲು ಇನ್ನೂ ಹತ್ತಿಪ್ಪತ್ತು ವರ್ಷ ಹಿಡಿಯಿತು. ವೆಂಟಿಲೇಟರಿನ ಮೇಲಿರುವ ರೋಗಿಯನ್ನು ಆ ಸುರಂಗದೊಳಗೆ ಮಲಗಿಸುವುದೇ ಒಂದು ಸಾಹಸ. ಕಬ್ಬಿಣದ ಸಿಲಿಂಡರ್ ಕೂಡ ಹತ್ತಿರ ಸುಳಿಯುವಂತಿಲ್ಲ.

ಇಲ್ಲಿ ಕಾಲವೇ ಮುಖ್ಯ. ಮೊದಲ ದಿನ ತೆಗೆದ ಚಿತ್ರ ಸುಳ್ಳು ಸಮಾಧಾನ ಹೇಳಬಹುದು, ಊತ ಇನ್ನೂ ಮೂಡಿರುವುದಿಲ್ಲ. ವಾರ ಕಳೆದ ಮೇಲೆ ತೆಗೆದದ್ದು ಇನ್ನೊಂದು ಬಗೆಯಲ್ಲಿ ಮೋಸ ಮಾಡಬಹುದು, ಹಾಳಾದ ಭಾಗವೂ ಸರಿಯಿದ್ದಂತೆ ತೋರತೊಡಗುತ್ತದೆ. ಆದ್ದರಿಂದ ಎಂ.ಆರ್.ಐ.ಗೆ ಎರಡರಿಂದ ಏಳನೆಯ ದಿನದೊಳಗಿನ ಅವಧಿಯೇ ಸೂಕ್ತವೆಂದು ಯುರೋಪಿನ ತಜ್ಞರ 2021ರ ಮಾರ್ಗಸೂಚಿ ಹೇಳಿತು. ಅದು ಹೇಳಿದ ಇನ್ನೊಂದು ಮಾತು ಇನ್ನೂ ತೂಕದ್ದು: 72 ಗಂಟೆ ಕಳೆದರೂ ಎಚ್ಚರವಾಗದ ರೋಗಿಯ ವಿಷಯದಲ್ಲಿ ಒಂದೇ ಪರೀಕ್ಷೆಯ ಮೇಲೆ ಕೈಚೆಲ್ಲಬಾರದು. ಪಾಪೆ ಮತ್ತು ಕಣ್ಣಿನ ಮಿಟುಕು, ಕೈಯ ನರಕ್ಕೆ ಕೊಟ್ಟ ವಿದ್ಯುತ್ ಮಿದುಳನ್ನು ಮುಟ್ಟುತ್ತದೆಯೇ ಎಂಬ ಪರೀಕ್ಷೆ, ಇ.ಇ.ಜಿ., ರಕ್ತದಲ್ಲಿ ಎನ್.ಎಸ್.ಇ. ಎಂಬ ವಸ್ತುವಿನ ಪ್ರಮಾಣ, ಮೊದಲ ಮೂರು ದಿನಗಳೊಳಗೆ ಮೈ ಬಿಡದೆ ಅದುರುವುದು, ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ — ಇವುಗಳಲ್ಲಿ ಕನಿಷ್ಠ ಎರಡು ಒಂದೇ ಮಾತನ್ನು ಹೇಳಬೇಕು. ಹೇಳದಿದ್ದರೆ ಕಾಯಬೇಕು, ಮತ್ತೆ ನೋಡಬೇಕು.

ಇಷ್ಟು ಎಚ್ಚರಿಕೆ ಏಕೆ? ಚಿತ್ರ ತಪ್ಪು ಹೇಳಬಹುದೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ತಪ್ಪು ಹೇಳಿದ್ದು ಯಾರಿಗೂ ಗೊತ್ತಾಗದೆ ಹೋಗಬಹುದು ಎಂಬುದು. 'ಈ ಚಿತ್ರ ಕೆಟ್ಟದಾಗಿದೆ, ಉಳಿಯುವುದಿಲ್ಲ' ಎಂದು ವೈದ್ಯರು ಹೇಳಿದರು, ಮನೆಯವರು ಒಪ್ಪಿ ಯಂತ್ರ ತೆಗೆಸಿದರು, ರೋಗಿ ತೀರಿಕೊಂಡರು. ಚಿತ್ರ ಸರಿಯಾಗಿಯೇ ಹೇಳಿತು ಎಂದು ದಾಖಲೆಯಾಯಿತು! ಆರಿಹೋಗುತ್ತದೆ ಎಂದು ಭವಿಷ್ಯ ನುಡಿದವರೇ ದೀಪ ಊದಿದರೆ ಭವಿಷ್ಯ ನಿಜವಾಗದೆ ಇನ್ನೇನಾದೀತು? ಜಗತ್ತಿನ ಬಹುಪಾಲು ಅಧ್ಯಯನಗಳಿಗೆ ಈ ದೋಷ ಅಂಟಿಕೊಂಡಿದೆ. ಇಟಲಿ, ದಕ್ಷಿಣ ಕೊರಿಯಾಗಳಂಥ ಕಡೆ ಯಂತ್ರ ತೆಗೆಯುವ ರೂಢಿ ಕಡಿಮೆಯಿದ್ದುದರಿಂದ ಅಲ್ಲಿಂದ ಬಂದ ಲೆಕ್ಕಗಳಿಗೆ ಹೆಚ್ಚು ಬೆಲೆ. ಚಿತ್ರದ ಬಗ್ಗೆ ಇನ್ನೊಂದು ಅನುಮಾನವನ್ನು ಹುಟ್ಟಿಸಿದ್ದು 2006ರಲ್ಲಿ ಏಡ್ರಿಯನ್ ಓವೆನ್ ಇಂಗ್ಲೆಂಡಿನಲ್ಲಿ ಮಾಡಿದ ಪ್ರಯೋಗ. ರಸ್ತೆ ಅಪಘಾತದ ನಂತರ ಅರಿವೇ ಇಲ್ಲವೆಂದುಕೊಂಡಿದ್ದ ಯುವತಿಯೊಬ್ಬಳಿಗೆ, ಟೆನಿಸ್ ಆಡುತ್ತಿರುವಂತೆ ಊಹಿಸಿಕೋ ಎಂದಾಗ ಆರೋಗ್ಯವಂತರಲ್ಲಿ ಮಿನುಗುವ ಜಾಗವೇ ಅವಳ ಮಿದುಳಿನಲ್ಲೂ ಮಿನುಗಿತು. ಅವಳದು ತಲೆಗೆ ಬಿದ್ದ ಪೆಟ್ಟು. ಆಮ್ಲಜನಕ ತಪ್ಪಿದ ಮಿದುಳಿನಲ್ಲಿ ಅಂಥ ಸಂದರ್ಭ ಹೆಚ್ಚು ಅಪರೂಪ. ಆದರೂ ಹಾಸಿಗೆಯ ಪಕ್ಕದಲ್ಲಿ ನಿಂತು ಮಾತನಾಡುವವರು ದನಿ ತಗ್ಗಿಸಬೇಕೆಂಬುದಕ್ಕೆ ಅಷ್ಟು ಸಾಕು.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಕನ್ನಡಿಗರಿಗೆ 'ಮಿದುಳು ಸಾವು' ಎಂಬ ಮಾತು ಹತ್ತಿರವಾದದ್ದು 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತಕ್ಕೀಡಾಗಿ, ಅವರ ಅಂಗಾಂಗಗಳನ್ನು ದಾನ ಮಾಡಿದಾಗ. ಪಕ್ಕದ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು ಅವರು. ಮಿದುಳು ಸಾವು ಎಂದರೆ ಕಾನೂನಿನ ಪ್ರಕಾರ ಸಾವೇ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರ ಮಂಡಳಿ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಅದನ್ನು ಘೋಷಿಸುತ್ತದೆ. ಅದಕ್ಕೆ ಸ್ಕ್ಯಾನ್ ಕಡ್ಡಾಯವಲ್ಲ. ಎದೆ ನಿಂತು ಮಿಡಿದವರಲ್ಲಿ ಹೆಚ್ಚಿನವರು ಆ ಸ್ಥಿತಿಯವರಲ್ಲ. ಅವರ ಮಿದುಳ ಕಾಂಡ ಬದುಕಿರುತ್ತದೆ. ಅವರು ಸತ್ತಿಲ್ಲ, ಎದ್ದೂ ಇಲ್ಲ. ಕಾನೂನಿಗೆ ಕಷ್ಟವಾದದ್ದು ಇವರ ಸಂಗತಿಯೇ.

ಆ ಕಷ್ಟವನ್ನು ದೇಶದ ಮುಂದಿಟ್ಟದ್ದು ಒಬ್ಬ ಕನ್ನಡತಿಯ ಬದುಕು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಹಲ್ಲೆಯಲ್ಲಿ ಕುತ್ತಿಗೆಗೆ ಸರಪಣಿ ಬಿಗಿದದ್ದರಿಂದ ಮಿದುಳಿಗೆ ಆಮ್ಲಜನಕ ತಪ್ಪಿತು. ಎದೆ ನಿಂತವರಿಗೆ ಆಗುವ ಪೆಟ್ಟಿನ ಜಾತಿಯದೇ ಇದು. ಅಂದು ಲಂಡನ್ನಿನಲ್ಲಿ ಸಿ.ಟಿ. ಯಂತ್ರಕ್ಕೆ ಎರಡು ವರ್ಷ ತುಂಬಿತ್ತಷ್ಟೆ. ಆಕೆ 2015ರ ಮೇ 18ರವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ದಾದಿಯರ ಆರೈಕೆಯಲ್ಲಿ ಉಳಿದರು. ಆಹಾರ ನಿಲ್ಲಿಸಿ ಆಕೆಯನ್ನು ಬಿಡುಗಡೆ ಮಾಡಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಆಕೆಯನ್ನು ನೋಡಿಕೊಂಡ ದಾದಿಯರ ಮಾತಿಗೆ ಮನ್ನಣೆ ಕೊಟ್ಟಿತು. ಅದೇ ತೀರ್ಪಿನಲ್ಲಿ, ಬೇರೆಯವರ ವಿಷಯದಲ್ಲಿ ಹೈಕೋರ್ಟಿನ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದೂ ಹೇಳಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯ ಸಾವು ಬದುಕುವ ಹಕ್ಕಿನದೇ ಭಾಗವೆಂದು ಸಾರಿತು. ಅದು ವಿಧಿಸಿದ ಕ್ರಮ ತೀರಾ ಜಟಿಲವಾಗಿತ್ತು, 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು.

ಈ ಚರಿತ್ರೆಯಲ್ಲಿ ದಾವಣಗೆರೆಯ ಹೆಸರೂ ಸೇರಿದೆ. ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕಗಳಿಗೂ ಹೆಚ್ಚು ಕಾಲ ದಯಾಮರಣದ ಹಕ್ಕಿಗಾಗಿ ಸರ್ಕಾರಗಳಿಗೆ ಪತ್ರ ಬರೆದರು, ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುಪ್ರೀಂ ಕೋರ್ಟಿನ ಆದೇಶವನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿದಾಗ ಆಕೆಗೆ 85 ವರ್ಷ. ಆಕೆ ಕೇಳಿದ್ದು ಮತ್ತು ಸರ್ಕಾರ ಕೊಟ್ಟದ್ದು ಒಂದೇ ಅಲ್ಲ. ನೋವಿನಲ್ಲಿರುವವರಿಗೆ ಸಾವನ್ನು ಕೊಡಬಹುದು ಎಂದು ಸುತ್ತೋಲೆ ಹೇಳುವುದಿಲ್ಲ. ಫಲ ಕೊಡದ ಚಿಕಿತ್ಸೆಯನ್ನು ನಿಲ್ಲಿಸಬಹುದು ಎನ್ನುತ್ತದೆ. ಅದಕ್ಕೆ ಮೊದಲು ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಅನಂತರ ಜಿಲ್ಲಾ ಆರೋಗ್ಯಾಧಿಕಾರಿಯ ಪ್ರತಿನಿಧಿ ಇರುವ ಇನ್ನೊಂದು ಮಂಡಳಿ ಒಪ್ಪಬೇಕು. ಮನೆಯವರ ಸಮ್ಮತಿ ಬೇಕು. ತೀರ್ಮಾನದ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಎರಡು ಮಂಡಳಿಗಳೂ ಮೇಜಿನ ಮೇಲೆ ಹರಡಿಕೊಂಡು ನೋಡುವ ಕಾಗದಗಳಲ್ಲಿ ಸ್ಕ್ಯಾನಿನ ವರದಿಯೂ ಇರುತ್ತದೆ.

ಕಾಗದದ ಮೇಲೆ ಇದು ನ್ಯಾಯವಾದ ಏರ್ಪಾಡು. ಹೊನ್ನಾಳಿಯ ರಸ್ತೆಯ ಮೇಲೆ ನಿಂತು ನೋಡಿದರೆ ಚಿತ್ರ ಬೇರೆ. ಎಂ.ಆರ್.ಐ. ತಾಲ್ಲೂಕು ಆಸ್ಪತ್ರೆಯಲ್ಲಿ ಇರುವ ಯಂತ್ರವಲ್ಲ. ಜಗಳೂರು, ಚನ್ನಗಿರಿಗಳಿಂದ ದಾವಣಗೆರೆಗೆ ಸುಮಾರು ಐವತ್ತು ಕಿಲೋಮೀಟರಿನ ದಾರಿ. ಹೊನ್ನಾಳಿಯವರಿಗೂ, ಅದರಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯವರಿಗೂ ಶಿವಮೊಗ್ಗವೇ ಹತ್ತಿರ, ಅದೂ ಮೂವತ್ತು ನಲವತ್ತು ಕಿಲೋಮೀಟರು. ಮಿದುಳಿಗೆ ಇರುವುದು ನಾಲ್ಕೈದು ನಿಮಿಷ. 2008ರ ನವೆಂಬರ್‌ನಿಂದ ಓಡುತ್ತಿರುವ 108 ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಆ ನಿಮಿಷಗಳನ್ನು ತುಂಬಬೇಕಾದವರು ಪಕ್ಕದ ಮನೆಯವರು, ಎದೆ ಒತ್ತಲು ಗೊತ್ತಿರುವವರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿತು. ತಾಲ್ಲೂಕು ಮಟ್ಟದಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರಿಂದ ಓದಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆಯಿದು. ಹೃದಯಾಘಾತ ಹೃದಯ ಸ್ತಂಭನವಾಗಿ ಮುಗಿಯದಂತೆ ತಡೆಯುವುದು ಅದರ ಗುರಿ. ಮಿದುಳಿನ ಚಿತ್ರ ತೆಗೆಯುವ ಪ್ರಮೇಯವೇ ಬಾರದಿರುವುದು ಒಳ್ಳೆಯದಲ್ಲವೇ?

ಬಂದಾಗ ಏನಾಗುತ್ತದೆ? ನಿಗಾ ಘಟಕದ ಖರ್ಚು ದಿನದಿಂದ ದಿನಕ್ಕೆ ಏರುತ್ತದೆ. ಅಡಿಕೆ ಮಂಡಿಯಲ್ಲಿ ಮುಂಗಡ ಹುಟ್ಟುವವರಿಗೆ ಒಂದು ವಾರ ತಡೆಯುವ ಶಕ್ತಿಯಿದೆ. ಮಳೆ ಕೈಕೊಟ್ಟ ಹೊಲದವರಿಗೆ ಮೂರು ದಿನವೇ ಹೆಚ್ಚು. 'ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ' ಎಂಬ ಕಾಗದಕ್ಕೆ ಸಹಿ ಬೀಳುತ್ತದೆ, ಆಂಬುಲೆನ್ಸ್ ಊರಿಗೆ ತಿರುಗುತ್ತದೆ. ಅಲ್ಲಿ ಮಂಡಳಿಯಿಲ್ಲ, ಮ್ಯಾಜಿಸ್ಟ್ರೇಟರಿಲ್ಲ, ಎರಡು ಸಾಕ್ಷ್ಯಗಳ ನಿಯಮವೂ ಇಲ್ಲ. ನಮ್ಮ ದೇಶದಲ್ಲಿ ಚಿಕಿತ್ಸೆ ನಿಲ್ಲುವ ಅತಿ ರೂಢಿಯ ದಾರಿಗಳಲ್ಲಿ ಇದೂ ಒಂದು. ಏಳುವವರೂ ಏಳದವರೂ ಅದೇ ಆಂಬುಲೆನ್ಸಿನಲ್ಲಿ ಹೋಗುತ್ತಾರೆ.

ಸುತ್ತೋಲೆ ಇನ್ನೊಂದು ಅವಕಾಶವನ್ನೂ ಕೊಟ್ಟಿದೆ. ಹದಿನೆಂಟು ತುಂಬಿದ, ಬುದ್ಧಿ ಸ್ವಸ್ಥವಾಗಿರುವ ಯಾರೇ ಆಗಲಿ, ತನಗೆ ಮಾತು ನಿಂತುಹೋದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ತನ್ನ ಪರವಾಗಿ ಮಾತನಾಡಲು ನಂಬಿಕೆಯ ಇಬ್ಬರನ್ನಾದರೂ ಹೆಸರಿಸಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಮುಗಿಯಿತು. ಜಮೀನಿನ ಪಾಲುಪತ್ರಕ್ಕೆ ನೋಟರಿಯ ಬಳಿ ಹೋಗುವವರು ಅದೇ ದಿನ, ಅದೇ ಮೇಜಿನ ಮೇಲೆ, ಇದನ್ನೂ ಮಾಡಿಸಬಹುದು.